ಯಜಮಾನ್ರಿಗೆ ಸಂಬಳ ಇದೆಯಲ್ಲ ಮೇಡಂ!

ಫಾರ್ಮ್ 16, ಅಂದರೆ ಸಂಬಳ ಮತ್ತು ಅದರಲ್ಲಿ ಹಿಡಿದ ತೆರಿಗೆಯ ಸರ್ಟಿಫಿಕೇಟು, ಇಲ್ಲದವರು ಮನೆ ಸಾಲಕ್ಕೆ ಅರ್ಜಿ ಹಾಕಿ ನೋಡಬೇಕು. ನಮ್ಮ ಬ್ಯಾಂಕಿನವರು ನಿನ್ನೆಯೂ ಫೋನು ಮಾಡಿ, "ಎಲ್ಲಾ ಬಂದಿದೆ ಮೇಡಂ, ಅದೊಂದೇ ಬಾಕಿ" ಅಂದರು.

ಎಷ್ಟು ಸಲ ಹೇಳುವುದು ಸ್ವಾಮಿ? ಅದನ್ನು ಕೊಡುವುದು ಸಂಬಳದಲ್ಲೇ ತೆರಿಗೆ (ಟಿಡಿಎಸ್) ಹಿಡಿಯುವ ಕಂಪನಿ. ನನ್ನದು ಇರುವುದು ಜರ್ಮನಿಯಲ್ಲಿ. ಕುವೆಂಪುನಗರದ ಬಾಡಿಗೆ ಮನೆಯ ಮಹಡಿಯಲ್ಲಿ ಕೂತು ಅವರಿಗೆ ದುಡಿಯುವ ನಾನು ಕಾಗದದ ಪ್ರಕಾರ ನೌಕರಳೇ ಅಲ್ಲ, ಕನ್ಸಲ್ಟೆಂಟ್. ತಿಂಗಳ ಕೊನೆಗೆ ಇನ್ವಾಯ್ಸ್ ಕಳಿಸಬೇಕು, ಯೂರೋ ಬಂದರೆ ಯಾವ ಬಾಬ್ತು ಅಂತ ಪರ್ಪಸ್ ಕೋಡ್ ಹೇಳಬೇಕು. ಜಿಎಸ್‌ಟಿ ಲೆಕ್ಕದಲ್ಲಿ ನನ್ನದು ರಫ್ತು, ತೆರಿಗೆ ಸೊನ್ನೆ. ಆ ಸೊನ್ನೆಗೂ ರಿಟರ್ನ್ ಹಾಕಬೇಕು, ವರ್ಷಕ್ಕೊಮ್ಮೆ ಎಲ್‌ಯುಟಿ ಅನ್ನೋ ಮುಚ್ಚಳಿಕೆ ಬೇರೆ.

ಇಷ್ಟರಲ್ಲಿ ಖುಷಿ ಕೊಟ್ಟಿದ್ದು ಆದಾಯ ತೆರಿಗೆಯಲ್ಲಿ ನನ್ನಂಥ ಕನ್ಸಲ್ಟೆಂಟುಗಳಿಗಿರುವ ಸವಲತ್ತು ಒಂದೇ. ಬಂದದ್ದರಲ್ಲಿ ಅರ್ಧವನ್ನೇ ಆದಾಯ ಅಂತ ತೋರಿಸಿ, ಮಾರ್ಚ್ 15ರೊಳಗೆ ಅಡ್ವಾನ್ಸ್ ಟ್ಯಾಕ್ಸ್ ಕಟ್ಟಿದರೆ ಆಯಿತು. ಆಡಿಟರ್ ಇದನ್ನು ಹೇಳಿದ ದಿನ ಮನೆಗೆ ಮೈಸೂರುಪಾಕ್ ತಂದಿದ್ದೆ. ಬ್ಯಾಂಕು ಆ ಅರ್ಧವನ್ನೇ ನನ್ನ ಪೂರ್ತಿ ಆದಾಯ ಅಂತ ಹಿಡಿಯಿತು. ಉಳಿದರ್ಧ? "ಅದು ನಿಮ್ಮ ಖರ್ಚು ಮೇಡಂ." ಏನು ಖರ್ಚು? ಒಂದು ಲ್ಯಾಪ್‌ಟಾಪು, ಇಂಟರ್ನೆಟ್ ಬಿಲ್ಲು, ಕರೆಂಟ್ ಹೋದಾಗ ಕುಯ್ಯೋ ಅನ್ನುವ ಯುಪಿಎಸ್ಸು.

ಆಮೇಲೆ ಶುರುವಾಯಿತು ಆಫೀಸ್ ವೆರಿಫಿಕೇಶನ್. ಬ್ಯಾಗು ನೇತುಹಾಕಿಕೊಂಡು ಹುಡುಗನೊಬ್ಬ ಬಂದ. ವಿನಯವಂತನೇ, ಪಾಪ. "ಆಫೀಸ್ ಬೋರ್ಡ್ ಎಲ್ಲಿದೆ ಮೇಡಂ? ಫೋಟೋ ಬೇಕು." ಜಿಎಸ್‌ಟಿ ನಂಬರು ಬಾಗಿಲಲ್ಲಿ ಕಾಣಬೇಕು ಅಂತ ಆಡಿಟರ್ ಹೇಳಿದ್ದರಿಂದ ಎ4 ಹಾಳೆ ಅಂಟಿಸಿದ್ದೆ, 'ಚಪ್ಪಲಿ ಹೊರಗೆ ಬಿಡಿ' ಹಾಳೆಯ ಪಕ್ಕದಲ್ಲಿ. ಅವನು ಎರಡೂ ಬರುವ ಹಾಗೆ ಕ್ಲಿಕ್ಕಿಸಿದ. ಕೆಲಸ ಮಾಡುವ ಜಾಗ ತೋರಿಸಿ ಅಂದ. ಮಳೆಯೆಂದು ಒಳಗೇ ಒಣಹಾಕಿದ್ದ ಅತ್ತೆಯ ಸೀರೆ ಸರಿಸಿ ಮೇಜು ತೋರಿಸಿದೆ. "ಸ್ಟಾಫ್ ಎಷ್ಟು ಜನ?" ನಾನೊಬ್ಬಳೇ ಅನ್ನುವಷ್ಟರಲ್ಲಿ ಅತ್ತೆ ಕಾಫಿ ತಂದರು. ಅವರನ್ನೊಮ್ಮೆ ನೋಡಿ ಏನೋ ಬರೆದುಕೊಂಡ. ರಿಪೋರ್ಟಿನಲ್ಲಿ ನಮ್ಮತ್ತೆ ಜರ್ಮನ್ ಕಂಪನಿಗೆ ಸೇರಿಹೋಗಿದ್ದರೆ ಆಶ್ಚರ್ಯವಿಲ್ಲ.

ಅಷ್ಟಕ್ಕೇ ಹೋಗಿದ್ದರೆ ಸರಿ. ಅಕ್ಕಪಕ್ಕದಲ್ಲಿ ವಿಚಾರಿಸುವುದೂ ಅವನ ಫಾರ್ಮಿನಲ್ಲಿತ್ತು. ಕಾಂಪೌಂಡಿನಾಚೆ ಹೂ ಬಿಡಿಸುತ್ತಿದ್ದ ಆಂಟಿಯನ್ನು, "ಇಲ್ಲಿ ಆಫೀಸ್ ನಡೀತಿದೆಯಾ?" ಅಂತ ಕೇಳಿದ.

"ಆಫೀಸಾ? ಯಾರಪ್ಪ ಹೇಳಿದ್ದು? ಆ ಹುಡುಗಿ ಕೆಲಸಕ್ಕೆಲ್ಲ ಹೋಗಲ್ಲ, ಇಡೀ ದಿನ ಮನೇಲೇ ಇರ್ತಾಳೆ. ಸಾಯಂಕಾಲ ಬಾಲ್ಕನೀಲಿ ನಿಂತು ಫೋನಲ್ಲಿ ಇಂಗ್ಲಿಷಲ್ಲಿ ಜಗಳ ಆಡ್ತಾಳೆ, ಅಷ್ಟೇ. ಯಜಮಾನ್ರು ಮಾತ್ರ ತುಂಬ ಒಳ್ಳೆಯವರು, ಲೆಕ್ಚರರು."

ಅವನು ಅದನ್ನೂ ಬರೆದುಕೊಂಡ. ನಾನು ಮೇಲಿಂದ ನೋಡುತ್ತಲೇ ಇದ್ದೆ. ಕೂಗಿ ಹೇಳೋಣವೆಂದರೆ ಮತ್ತೆ ಜಗಳ ಅಂದುಕೊಳ್ಳುತ್ತಾರೆ.

ಅಪ್ಪ ಅರಸೀಕೆರೆಯಲ್ಲಿ ಮೇಷ್ಟರಾಗಿದ್ದರು. ಮನೆ ಕಟ್ಟಿಸುವಾಗ ಸೊಸೈಟಿ ಸಾಲಕ್ಕೆ ಹೆಡ್‌ಮಾಸ್ಟರು ಬರೆದುಕೊಟ್ಟ ಸಂಬಳದ ಸರ್ಟಿಫಿಕೇಟು, ಇಬ್ಬರು ಮೇಷ್ಟರ ಜಾಮೀನು ಸಾಕಾಗಿತ್ತು. ಆ ಇಬ್ಬರೂ ಗೃಹಪ್ರವೇಶದ ದಿನ ಪಂಚೆ ಎತ್ತಿಕಟ್ಟಿ ಪಂಕ್ತಿಗೆ ಬಡಿಸಿದ್ದರು. ನನ್ನ ಜೊತೆ ಕೆಲಸ ಮಾಡುವವರನ್ನು ನಾನು ಭುಜದಿಂದ ಮೇಲಷ್ಟೇ ಕಂಡಿದ್ದೇನೆ. ಜಾಮೀನಿಗೆ ಯಾರನ್ನು ಕರೆಯಲಿ?

ಕೊನೆಗೆ ಬ್ಯಾಂಕಿನವರೇ ದಾರಿ ಹುಡುಕಿದ್ದಾರೆ. "ಯಜಮಾನ್ರನ್ನ ಮೇನ್ ಅಪ್ಲಿಕೆಂಟ್ ಮಾಡಿಬಿಡಿ ಮೇಡಂ. ಅವರದು ಸಂಬಳದ ಕೆಲಸ ಅಲ್ವಾ?" ಯಜಮಾನ್ರ ಸಂಬಳ ಬ್ಯಾಂಕು ಒಪ್ಪಿದ ನನ್ನ ಆ ಅರ್ಧದಷ್ಟೂ ಇಲ್ಲ. ಆದರೂ ಆಗಲಿ ಅಂದೆ. ಕಂತು ಯಾರ ಖಾತೆಯಿಂದ ಹಿಡೀತೀರಿ ಅಂತ ಕೇಳಿದೆ.

"ನಿಮ್ಮದರಿಂದಲೇ ಮೇಡಂ. ಬ್ಯಾಲೆನ್ಸ್ ಇರೋದು ಅದರಲ್ಲೇ ಅಲ್ವಾ?"