ಜೆರಾಕ್ಸ್ ಅಂಗಡಿಯ ಎ ಪ್ಲಸ್

ನಮ್ಮ ದಾವಣಗೆರೆಯಲ್ಲಿ ಜೆರಾಕ್ಸ್ ಅಂಗಡಿ ಮುಂದೆ ಸಂಜೆ ಹೊತ್ತು ಸ್ಕೂಟಿಗಳು ಸಾಲಾಗಿ ನಿಂತವು ಅಂದ್ರೆ ಶಾಲೆಗಳಲ್ಲಿ ಎಫ್‌ಎ, ಅಂದ್ರೆ ಮಕ್ಕಳು ಚಾರ್ಟು ಒಪ್ಪಿಸೋ ರೂಪಣಾತ್ಮಕ ಮೌಲ್ಯಮಾಪನ, ಬಂತು ಅಂತಲೇ ಲೆಕ್ಕ. ನಿನ್ನೆ ಆಧಾರ್ ಜೆರಾಕ್ಸ್ ಮಾಡಿಸೋಕೆ ಹೋದವಳು ಮೈಯೆಲ್ಲ ಉರಿಸಿಕೊಂಡು ಬಂದೆ.

"ಆರನೇ ಕ್ಲಾಸಿಂದು ಭಿನ್ನರಾಶಿ ಚಾರ್ಟ್ ರೆಡಿ ಐತ್ರಿ, ಎಂಬತ್ತು ರೂಪಾಯಿ. ಕಲರ್ ಬೇಕಂದ್ರ ನೂರಿಪ್ಪತ್ತು." ಅಂಗಡಿಯವ ಒಬ್ಬ ತಾಯಿಗೆ ಹೇಳ್ತಿದ್ದ. ಅವರು ಕಲರ್ ತಗೊಂಡ್ರು. ಪಕ್ಕದಲ್ಲಿದ್ದ ಅವರ ಹುಡುಗ ಸುರುಳಿ ಸುತ್ತಿದ ಚಾರ್ಟನ್ನ ದುರ್ಬೀನು ಮಾಡ್ಕೊಂಡು ನನ್ನನ್ನೇ ನೋಡ್ತಿದ್ದ. ಹಾಳು ಮೇಷ್ಟ್ರು ಬುದ್ಧಿ, ಬಿಡುತ್ತಾ? ಕೇಳೇಬಿಟ್ಟೆ.

"ಒಂದು ರೊಟ್ಟಿನ ಮೂರು ಜನ ಹಂಚ್ಕೊಂಡ್ರೆ ಜಾಸ್ತಿ ಸಿಗುತ್ತೋ, ನಾಲ್ಕು ಜನ ಹಂಚ್ಕೊಂಡ್ರೋ?"

"ಮೂರು ಜನಕ್ಕೆ ಮಿಸ್."

"ಹಂಗಾದ್ರೆ ಮೂರರಲ್ಲೊಂದು ದೊಡ್ಡದೋ, ನಾಲ್ಕರಲ್ಲೊಂದು ದೊಡ್ಡದೋ?"

"ನಾಲ್ಕರಲ್ಲೊಂದು. ನಾಲ್ಕು ದೊಡ್ಡದಲ್ವಾ ಮಿಸ್!"

ನೋಡಿ, ಹುಡುಗ ದಡ್ಡನಲ್ಲ. ರೊಟ್ಟಿ ಲೆಕ್ಕ ಚೆನ್ನಾಗೇ ಗೊತ್ತು. ಆ ರೊಟ್ಟಿಗೂ ಪುಸ್ತಕದಲ್ಲಿರೋ 1/3ಕ್ಕೂ ನಂಟು ಬಿದ್ದಿಲ್ಲ, ಅಷ್ಟೇ. ನಾಳೆ ಅವನ ಟೀಚರ್ ಒಂದು ಹಳೇ ಪೇಪರ್ ಹರಿದು ಎರಡು ಪಟ್ಟಿ ಮಡಚಿ ತೋರಿಸಿದ್ರೆ ಹತ್ತು ನಿಮಿಷದ ಕೆಲಸ. ಆದರೆ ಟೀಚರಿಗೆ ಇದು ಗೊತ್ತಾಗೋದು ಹೇಗೆ? ಅವರ ಕೈಗೆ ಹೋಗೋದು ನೂರಿಪ್ಪತ್ತು ರೂಪಾಯಿ ಚಾರ್ಟು. ಅದಕ್ಕೆ ಎ ಪ್ಲಸ್ ಬೀಳುತ್ತೆ. ಕೊಡಬೇಕಾದ್ದು ಜೆರಾಕ್ಸ್ ಅಂಗಡಿಯವನಿಗೆ, ಪಾಪ.

2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲೇ ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನ ಅಂತ ಬರೆದಿದೆ. ನಾವು ವರ್ಷಕ್ಕೆ ನಾಲ್ಕು ಎಫ್‌ಎ, ಎರಡು ಎಸ್‌ಎ ಅನ್ನೋ ದೊಡ್ಡ ಪರೀಕ್ಷೆ ಮಾಡಿ, ಎಸ್‌ಎಟಿಎಸ್ ಅನ್ನೋ ಸರ್ಕಾರಿ ವೆಬ್‌ಸೈಟಿಗೆ ಅಂಕ ಏರಿಸಿ ಕೈ ತೊಳ್ಕೊಂಡ್ವಿ. ಪಾಠ ನಡೆಯುವಾಗಲೇ ಮಗು ಎಲ್ಲಿ ಎಡವಿತು ಅಂತ ನೋಡಿ ಪಾಠವನ್ನೇ ತಿದ್ದಿಕೊಳ್ಳಲಿ ಅಂತ ಇರೋದು ರೂಪಣಾತ್ಮಕ ಮೌಲ್ಯಮಾಪನ. ಬೆಣ್ಣೆದೋಸೆ ಭಟ್ಟರು ಹಿಟ್ಟು ಹುಯ್ಯೋ ಮುಂಚೆ ಹೆಂಚಿಗೆ ನೀರು ಚಿಮುಕಿಸ್ತಾರಲ್ಲ, ಆ ಚುಂಯ್ ಅನ್ನೋ ಸದ್ದು ಕೇಳಿ ಉರಿ ತಗ್ಗಿಸ್ತಾರಲ್ಲ, ಅದು. ನಾವು ಆ ಸದ್ದಿಗೂ ಅಂಕ ಹಾಕಿ ವಹಿಯಲ್ಲಿ ಬರೆದಿಟ್ಟು, ದೋಸೆ ಸೀದುಹೋದರೂ ತಿರುಗಿ ನೋಡದವರು.

ತರಗತಿಯಲ್ಲಿ ನಾವು ಕೇಳೋದು ಒಂದೇ ಪ್ರಶ್ನೆ: "ಅರ್ಥ ಆಯ್ತೇನ್ರೋ?" ಅದಕ್ಕೆ "ಹೂಂ ಮಿಸ್ಸ್ಸ್" ಅಂತ ರಾಗ. ಆ ರಾಗದಲ್ಲಿ ಅರ್ಥ ಆದವರೂ ಇರ್ತಾರೆ, ಕಿಟಕಿಯಾಚೆ ಹಂದಿ ನೋಡ್ತಿದ್ದವರೂ ಇರ್ತಾರೆ. ಇಲ್ಲಾಂದ್ರೆ ಪ್ರಶ್ನೆ ಕೇಳಿ, ಮುಂದಿನ ಬೆಂಚಿನ ಅದೇ ಮೂರು ಕೈ ನೋಡಿ, ಮುಂದಕ್ಕೆ ಹೋಗೋದು. ಟೀಚರುಗಳು ಪ್ರಶ್ನೆ ಕೇಳಿ ಸರಾಸರಿ ಒಂದು ಸೆಕೆಂಡೂ ಕಾಯಲ್ಲ, ಮೂರು ಸೆಕೆಂಡು ಕಾದ್ರೆ ಮಕ್ಕಳ ಉತ್ತರ ಉದ್ದ ಆಗುತ್ತೆ ಅಂತ ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲೇ ತೋರಿಸಿಕೊಟ್ಟಿದ್ದರು. ಮೂರೇ ಸೆಕೆಂಡು ಕಣ್ರೀ! ಅದಕ್ಕೆ ಯಾವ ಅನುದಾನ ಬೇಕು?

ನನಗೆ ಕಣ್ಣು ತೆರೆಸಿದ್ದು ಸ್ಲೇಟು. ಒಂದು, ಎರಡು, ಮೂರು ಅಂದ ಕೂಡಲೇ ಎಲ್ಲರೂ ಒಟ್ಟಿಗೆ ಉತ್ತರ ಎತ್ತಿ ಹಿಡೀಬೇಕು, ಪಕ್ಕದವರದ್ದು ನೋಡೋಕೆ ಟೈಮೇ ಇಲ್ಲ. ಮೊದಲ ದಿನ 0.6 ದೊಡ್ಡದೋ 0.45 ದೊಡ್ಡದೋ ಅಂತ ಕೇಳಿದ್ದೆ. ಮೂವತ್ತೆಂಟು ಸ್ಲೇಟಲ್ಲಿ ಇಪ್ಪತ್ತೊಂದರಲ್ಲಿ 0.45! ನಲವತ್ತೈದು ಆರಕ್ಕಿಂತ ದೊಡ್ಡದಲ್ವಾ, ಅವರ ಲೆಕ್ಕಕ್ಕೆ ಅವರು ಸರಿ. ಆ ಪಾಠ ಮುಗಿದಿದೆ ಅಂತ ನಾನು ವಾರದ ಹಿಂದೆಯೇ ಡೈರಿಯಲ್ಲಿ ಬರೆದು ಸಹಿ ಹಾಕಿಸ್ಕೊಂಡಿದ್ದೆ. ಸುಮ್ಮನೆ ಕುರ್ಚಿ ಮೇಲೆ ಕೂತುಬಿಟ್ಟೆ.

ಈಗ ಕಾಮೆಂಟಲ್ಲಿ ಬರ್ತೀರಿ, ಗೊತ್ತು. ಬಿಸಿಯೂಟದ ಮೊಟ್ಟೆ ಸುಲಿಸಬೇಕು, ಬಿಎಲ್‌ಒ ಆಗಿ ಮತದಾರರ ಪಟ್ಟಿ ಕೆಲಸ ಮಾಡಬೇಕು, 2025ರ ದಸರಾ ರಜೆಯಲ್ಲಿ ಮನೆಮನೆ ಸಮೀಕ್ಷೆಗೂ ಹೋಗಬೇಕಾಯ್ತು, ಇದೆಲ್ಲ ಯಾವಾಗ ಮೇಡಂ ಅಂತ. ನಾನೇನು ಆಕಾಶದಿಂದ ಇಳಿದವಳಾ? ಆ ಸಮೀಕ್ಷೆಗೆ ನಾನೂ ಬಿಸಿಲಲ್ಲಿ ಅಲೆದಿದ್ದೀನಿ. ಆದರೂ ಸ್ಲೇಟು ಎತ್ತಿಸೋಕೆ ಐದು ನಿಮಿಷ ಸಾಕು, ಎಫ್‌ಎ ತಾಳೆಪಟ್ಟಿ (ಚೆಕ್‌ಲಿಸ್ಟ್) ತುಂಬೋಕೆ ಭಾನುವಾರ ಪೂರ್ತಿ ಹೋಗುತ್ತೆ. ಐದು ನಿಮಿಷಕ್ಕೆ ಪುರುಸೊತ್ತಿಲ್ಲ ಅನ್ನೋರು ಭಾನುವಾರ ಎಲ್ಲಿಂದ ತಂದ್ರಿ?

ಹೇಳ್ಕೊಳ್ಳೋಕೆ ನಾಚಿಕೆ, ಆದರೂ ಹೇಳ್ತೀನಿ. ಹೋದ ವರ್ಷ ನಾಲ್ಕೂ ಎಫ್‌ಎಗಳ ವಹಿಯನ್ನ ಒಂದೇ ರಾತ್ರಿ ಕೂತು ತುಂಬಿದವಳು ನಾನೇ. ಬೇರೆ ಬೇರೆ ದಿನ ಬರೆದಂಗೆ ಕಾಣಲಿ ಅಂತ ಮೂರು ಪೆನ್ನು ಬದಲಾಯಿಸಿದ್ದೆ. ನೋಡಿದ ಸಾಹೇಬರು "ವಹಿ ನಿರ್ವಹಣೆ ಅಚ್ಚುಕಟ್ಟು" ಅಂತ ಷರಾ ಬರೆದು ಹೋದರು. ಒಂದು ಮಗುವನ್ನೂ ಎಬ್ಬಿಸಿ ಒಂದು ಪ್ರಶ್ನೆ ಕೇಳಲಿಲ್ಲ.

ನಾಳೆ ಮತ್ತೆ ವಹಿ ನೋಡೋಕೆ ಸಿಆರ್‌ಪಿ, ಅಂದ್ರೆ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ, ಬರ್ತಾರಂತೆ. ಆ ಅಂಗಡಿಯಲ್ಲಿ ಜೆರಾಕ್ಸ್ ಜೊತೆ ಎರಡು ಪೆನ್ನೂ ತಗೊಂಡೆ. ಒಂದು ನೀಲಿ, ಒಂದು ಕಪ್ಪು.