ವಂಶ-1, ವಂಶ-2

ಆಲ್ದೂರಿನ ಹತ್ತಿರದ ನಮ್ಮ ಮನೆಯಲ್ಲಿ ನನ್ನ ಉದ್ಯೋಗ ಏನೆಂಬುದು ಇಂದಿಗೂ ಯಾರಿಗೂ ಖಚಿತವಾಗಿಲ್ಲ. ಸ್ಮಾರ್ಟ್ ಕಾಂಟ್ರ್ಯಾಕ್ಟ್ ಓದುವ ಕೆಲಸವೆಂದು ಒಮ್ಮೆ ಹೇಳಿದ್ದರಿಂದ, ನಾನು ಯಾರೋ ರಸ್ತೆ ಕಂಟ್ರಾಕ್ಟರರ ಬಳಿ ಲೆಕ್ಕ ಬರೆಯುತ್ತೇನೆಂದು ಅಜ್ಜಿ ನಂಬಿದ್ದಾರೆ. ಸ್ಮಾರ್ಟ್ ಕಾಂಟ್ರ್ಯಾಕ್ಟ್ ಎಂದರೆ ಬ್ಲಾಕ್‌ಚೈನ್ ಎಂಬ, ಹಲವು ಕಂಪ್ಯೂಟರುಗಳು ಹಂಚಿಕೊಂಡ ಲೆಕ್ಕಪುಸ್ತಕದ ಮೇಲೆ ಓಡುವ ಕೋಡು. ಅಲ್ಲಿಗೆ ಏರಿಸಿದ ಕೋಡನ್ನು ಆಮೇಲೆ ತಿದ್ದುವುದು ಬಲು ಕಷ್ಟವಾದ್ದರಿಂದ, ಏರಿಸುವ ಮೊದಲೇ ಬೇರೆಯವರು ಬರೆದದ್ದನ್ನು ಓದಿ ತಪ್ಪು ಹುಡುಕುವುದು ನನ್ನ ಕೆಲಸ. 2017ರ ನವೆಂಬರ್‌ನಲ್ಲಿ ಪ್ಯಾರಿಟಿ ಎಂಬ ಸಂಸ್ಥೆಯ ನೂರಾರು ವಾಲೆಟ್‌ಗಳು, ಅಂದರೆ ಡಿಜಿಟಲ್ ಹಣದ ಚೀಲಗಳು, ಆತುಕೊಂಡಿದ್ದ ಒಂದೇ ಒಂದು ಲೈಬ್ರರಿಯನ್ನು, ಅಂದರೆ ಎಲ್ಲವೂ ಹಂಚಿಕೊಂಡಿದ್ದ ಕೋಡನ್ನು, ಯಾರೋ ಅಳಿಸಿಬಿಟ್ಟು 5 ಲಕ್ಷಕ್ಕೂ ಹೆಚ್ಚು ಈಥರ್ ಎಂಬ ಡಿಜಿಟಲ್ ನಾಣ್ಯ ಅಲ್ಲಿಯೇ ಸಿಕ್ಕಿಬಿದ್ದ ಮೇಲೆ, ಯಾರು ಯಾರನ್ನು ನೆಚ್ಚಿಕೊಂಡಿದ್ದಾರೆ ಎಂಬುದನ್ನು ಮೊದಲು ನೋಡುವುದು ನಮ್ಮ ವೃತ್ತಿಯಲ್ಲಿ ರೂಢಿಯಾಗಿದೆ.

ಇದಕ್ಕೆ ನಾನು ಬಳಸುವ ಸಾಧನ ಸ್ಲಿದರ್. ಟ್ರೇಲ್ ಆಫ್ ಬಿಟ್ಸ್ ಸಂಸ್ಥೆ 2018ರಲ್ಲಿ ಎಲ್ಲರಿಗೂ ಮುಕ್ತಗೊಳಿಸಿದ, ಪೈಥಾನ್‌ನಲ್ಲಿ ಬರೆದ ಈ ಸಾಧನವು ಕೋಡನ್ನು ಓಡಿಸದೆಯೇ ಓದಿ ದೋಷಗಳನ್ನು ಪಟ್ಟಿ ಮಾಡುತ್ತದೆ. ಪಟ್ಟಿಯಲ್ಲಿ ಹೆಸರಿನ ಅಕ್ಷರ ದೊಡ್ಡದಾಯಿತು, ಚಿಕ್ಕದಾಯಿತು ಎಂಬಂಥ ದೂರುಗಳೂ ಇರುತ್ತವೆ. ಮದುವೆ ಮನೆಗೆ ಬಂದು ಚಪ್ಪರದ ಗಂಟು ಎಣಿಸುವ ನೆಂಟರ ಸ್ವಭಾವ ಅದರದು. ಆದರೆ ಯಾವ ಕಾಂಟ್ರ್ಯಾಕ್ಟು ಯಾವುದರಿಂದ ಗುಣಗಳನ್ನು ಪಡೆದಿದೆ ಎಂಬುದನ್ನು ಚೌಕ ಮತ್ತು ಬಾಣಗಳ ಚಿತ್ರವಾಗಿ ಬಿಡಿಸಿಕೊಡುವುದರಲ್ಲಿ ಅದಕ್ಕೆ ಸಾಟಿಯಿಲ್ಲ.

ಆ ವಾರ ಚಿಕ್ಕಪ್ಪನವರಿಗೆ ತೋಟದ ಪೌತಿ ಖಾತೆಗಾಗಿ ವಂಶವೃಕ್ಷ ಬೇಕಾಗಿತ್ತು. ಕೈಯಲ್ಲಿ ಗೆರೆ ಎಳೆಯುವ ಬದಲು, ಸ್ಲಿದರ್‌ನ ಚಿತ್ರಗಳಿಗೆ ಬಳಸುವ ಗ್ರಾಫ್‌ವಿಜ್‌ನಲ್ಲಿಯೇ ನಾನು ಅದನ್ನೂ ಬಿಡಿಸಿದೆ. ಮನೆಯವರ ಚಿತ್ರದ ಕಡತಕ್ಕೆ ವಂಶ-1 ಎಂದೂ ಕಾಂಟ್ರ್ಯಾಕ್ಟುಗಳ ಚಿತ್ರದ ಕಡತಕ್ಕೆ ವಂಶ-2 ಎಂದೂ ಹೆಸರಿಟ್ಟ ಬುದ್ಧಿವಂತಿಕೆಯೂ ನನ್ನದೇ. ಜುಲೈ ಮಳೆಗೆ ಕರೆಂಟು ಹೋಗಿ, ಯುಪಿಎಸ್ ಕುಯ್ಯೆನ್ನುತ್ತಿದ್ದ ಗಡಿಬಿಡಿಯಲ್ಲಿ ಒಂದನ್ನು ಚಿಕ್ಕಮಗಳೂರಿನ ಪ್ರಿಂಟಿಂಗ್ ಅಂಗಡಿಗೂ ಇನ್ನೊಂದನ್ನು ಬೆಂಗಳೂರಿನ ನಮ್ಮ ತಂಡಕ್ಕೂ ಕಳುಹಿಸಿದೆ.

ಮರುದಿನ ಹನ್ನೊಂದು ಗಂಟೆಗೆ ಚಿಕ್ಕಪ್ಪನವರ ಫೋನ್ ಬಂತು.

"ಏನೋ ಮಾರಾಯ ಇದು? ಬಾಣ ಎಲ್ಲ ಕೆಳಗಿಂದ ಮೇಲಕ್ಕೆ ಹೋಗ್ತಿದೆ. ಮಕ್ಕಳಿಂದ ಅಪ್ಪ ಹುಟ್ಟೋದುಂಟಾ?"

ಏನಾಗಿದೆಯೆಂದು ನನಗೆ ಆ ಕ್ಷಣವೇ ಹೊಳೆಯಿತು. ಆದರೆ ಹೇಳಲು ಅವರು ಅವಕಾಶ ಕೊಡಲಿಲ್ಲ.

"ಓನಬಲ್ ಅಂತ ಒಬ್ರಿದ್ದಾರಲ್ಲ, ಎಲ್ಲರೂ ಅವರ ಕಡೆಗೇ ಕೈ ತೋರಿಸ್ತಿದ್ದಾರೆ. ಯಾರವರು?"

"ಮಾಲೀಕತ್ವ ನೋಡಿಕೊಳ್ಳುವವರು, ಚಿಕ್ಕಪ್ಪ."

"ಅಂದ್ರೆ ತೋಟ ಅವರ ಹೆಸರಿಗೆ ಹೋಗಿದೆಯಾ?"

ನಾನು ಉತ್ತರಿಸುವ ಮೊದಲೇ ಅವರ ಧ್ವನಿ ತಗ್ಗಿತು. ಕೆಳಗಿನ ಚೌಕದಲ್ಲಿರುವವನಿಗೆ ನಾಲ್ವರು ಅಪ್ಪಂದಿರಿದ್ದಾರೆಂದೂ, ಅಲ್ಲಿಯೇ ಒಂದು ಹೆಸರನ್ನು ಕೆಂಪಕ್ಷರದಲ್ಲಿ ಬರೆದಿರುವುದರಿಂದ ಅವರು ತೀರಿಕೊಂಡಿರಬೇಕೆಂದೂ, ಮರಣ ಪತ್ರವನ್ನೂ ಲಗತ್ತಿಸುವಂತೆ ಗುಮಾಸ್ತರು ಕೇಳುತ್ತಿದ್ದಾರೆಂದೂ ಪಿಸುಗುಟ್ಟಿದರು.

ಕೆಂಪಕ್ಷರದ್ದು ಸಾವಿನ ವಿಷಯವಲ್ಲ. ತಾಯಿ ಕಾಂಟ್ರ್ಯಾಕ್ಟಿನಲ್ಲಿ 'ಓನರ್' ಎಂಬ ಹೆಸರಿನಲ್ಲಿ ಮಾಲೀಕನ ವಿಳಾಸವಿದ್ದು, ಮಗುವೂ ಅದೇ ಹೆಸರನ್ನು ಮತ್ತೆ ಘೋಷಿಸಿಕೊಂಡಿದ್ದರೆ ಸ್ಲಿದರ್ ಹಾಗೆ ಗುರುತು ಹಾಕುತ್ತದೆ. ಹೆಸರು ಒಂದೇ ಆದರೂ ಪೆಟ್ಟಿಗೆಗಳು ಎರಡು. ತಾಯಿಯ ಕೋಡು ತನ್ನ ಪೆಟ್ಟಿಗೆ ನೋಡುತ್ತದೆ, ಮಗುವಿನ ಕೋಡು ತನ್ನದನ್ನು ನೋಡುತ್ತದೆ, ಮಾಲೀಕರು ಇಬ್ಬರಾಗುತ್ತಾರೆ. ಕಾಂಟ್ರ್ಯಾಕ್ಟುಗಳನ್ನು ಬರೆಯುವ ಭಾಷೆಯಾದ ಸಾಲಿಡಿಟಿಯ 0.6 ಆವೃತ್ತಿ 2019ರ ಡಿಸೆಂಬರ್‌ನಲ್ಲಿ ಬಂದು ಇದನ್ನು ನಿಷೇಧಿಸಿತು; ಅದರಲ್ಲಿ ಅಂಥ ಕೋಡು ಕಂಪೈಲ್ ಆಗುವುದಿಲ್ಲ, ಅಂದರೆ ಓಡುವ ರೂಪಕ್ಕೇ ಬರುವುದಿಲ್ಲ. ನನ್ನ ಕೈಯಲ್ಲಿದ್ದ ಪ್ರಾಜೆಕ್ಟು ಇನ್ನೂ 0.5ರಲ್ಲಿತ್ತು. ಆ ವಾರ ನಾನು ಹುಡುಕಿದ ದೊಡ್ಡ ತಪ್ಪು ಇದೊಂದೇ, ಅದೂ ಗುಮಾಸ್ತರ ಮೇಜಿನ ಮೇಲೆ ಬಿದ್ದಿತ್ತು.

ಇತ್ತ ನಮ್ಮ ತಂಡದ ಮೀಟಿಂಗಿನಲ್ಲಿ, ಹಿರಿಯ ಸಹೋದ್ಯೋಗಿಯೊಬ್ಬರು ನಮ್ಮ ಮನೆತನದ ನಾಲ್ಕು ತಲೆಮಾರನ್ನು ಪರದೆಯ ತುಂಬ ಹರಡಿಕೊಂಡು ಕುಳಿತಿದ್ದರು. ಮುತ್ತಜ್ಜನ ಹೆಸರನ್ನೇ ನನ್ನ ಅಣ್ಣನಿಗೂ ಇಟ್ಟಿರುವುದು ಅವರ ಕಣ್ಣಿಗೆ ಬಿದ್ದಿತ್ತು.

"ಸದ್ಯ, ನಿಮ್ಮ ಮನೆಯವರು 0.6ಕ್ಕೆ ಬಂದಿಲ್ಲ" ಎಂದರು. "ಬಂದಿದ್ದರೆ ನಿಮ್ಮಣ್ಣ ಕಂಪೈಲ್ ಆಗುತ್ತಿರಲಿಲ್ಲ."

ಮೀಟಿಂಗಿನಲ್ಲಿದ್ದ ಏಳು ಜನರೂ ಮ್ಯೂಟ್ ತೆಗೆದು ನಕ್ಕರು. ಮಾಮೂಲಿ ದಿನ ಅವರಿಂದ ಒಂದು 'ಹ್ಞೂಂ' ಹೊರಡಿಸಲು ನಾನು ಮೂರು ಸಲ ಕೇಳಬೇಕು.

ಸಂಜೆ ಸರಿಯಾದ ಪ್ರತಿಯೊಂದಿಗೆ ಚಿಕ್ಕಪ್ಪನವರ ಮನೆಗೆ ಹೋದೆ. ಅವರು ಅದನ್ನು ಮಡಿಸಿ ಬದಿಗಿಟ್ಟು, ಹಳೆಯ ಹಾಳೆಯನ್ನೇ ದೀಪಕ್ಕೆ ಹಿಡಿದರು. ಅಣ್ಣತಮ್ಮಂದಿರೊಂದಿಗೆ ಹದಿನಾಲ್ಕು ವರ್ಷ ಭಾಗದ ದಾವೆ ನಡೆಸಿದ ಕಣ್ಣುಗಳವು.

"ಈ ನಾಲ್ಕು ಅಪ್ಪಂದಿರವನಿಗೆ ಪಾಲು ಎಷ್ಟು ಬರ್ತದೆ?"

"ನಾಲ್ವರದ್ದೂ ಪೂರ್ತಿ ಬರುತ್ತದೆ, ಚಿಕ್ಕಪ್ಪ. ಮಾತಿಗೆ ಮಾತು ಬಂದರೆ ಪಟ್ಟಿಯಲ್ಲಿ ಕೊನೆಗೆ ಹೆಸರಿಸಿದ ಅಪ್ಪನದ್ದು ನಡೆಯುತ್ತದೆ."

ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು.

"ಕೋರ್ಟಿಗೆ ಹೋಗದೆ?"