ಹಿನ್ನೀರಾಗ ಮುಳುಗದ ಅಡಗಿಮನಿ ಕಾನೂನು

ಆಲಮಟ್ಟಿ ಹಿನ್ನೀರು ಬಾಗಲಕೋಟಿಗೆ ಬಂದಾಗ ಏನೇನ್ ಮುಳುಗಿದ್ವು ಅನ್ನೋದು ಎಲ್ಲಾರಿಗೂ ಗೊತ್ತೈತಿ, ಓಣಿಗೋಳು ಹೋದ್ವು, ಕಟ್ಟಿಗಿ ಒಲಿ ಹೋತು, ನೆಲಕ್ಕ ಹೂಳಿದ್ದ ರುಬ್ಬೋ ಒಳ್ಳು ಹೋತು, ಆದ್ರ ಅಡಗಿಮನಿ ಕಟ್ಟಳಿಗೋಳು ಮಾತ್ರ ಅರಾಮ ಈಜಿಕೊಂತ, ಮನಿ ಮುಳುಗಿದವ್ರಿಗಂತ ಕಟ್ಟಿದ ನವನಗರಕ್ಕ ಬಂದು ಸೆಕ್ಟರ್ ಸೆಕ್ಟರ್‌ನ್ಯಾಗ ಪ್ಲಾಟ್ ಹಿಡಕೊಂಡು ಕುಂತಾವ್ರಿ. ಪರಿಹಾರನೂ ಕೇಳಲಿಲ್ಲ ಪಾಪ.

ಈಗ ನೋಡ್ರಿ, ಹುಣಸಿಹುಳಿ ಹಾಕಿದ ಸಾರು ರಾತ್ರಿ ಅದೇ ಬೋಗಾಣ್ಯಾಗ ಬಿಡಬಾರದಂತ, ಬ್ಯಾರೆದಕ್ಕ ಸುರುವಬೇಕಂತ. ಮುತ್ಯಾನ ಕಾಲಕ್ಕ ಬೋಗಾಣಿ ಹಿತ್ತಾಳಿದು, ಒಳಗಿನ ತವರದ ಕಲಾಯಿ ಸವದಿದ್ರ ಹುಳಿ ತಾಮ್ರಾನ ಕರಗಿಸಿ ಹಸರ ಕಿಲುಬು ಎಬ್ಬಸ್ತಿತ್ತು, ಉಂಡವ್ರಿಗೆ ವಾಂತಿ, ಹೊಟ್ಟಿಬ್ಯಾನಿ. ಬರೋಬ್ಬರಿ ಮಾತು. ಆದ್ರ ಈಗ ಬೋಗಾಣಿ ಸ್ಟೀಲಿಂದು, ಕಲಾಯಿ ಮಾಡಾಂವ ಓಣಿಗೆ ಬರೋದು ಬಿಟ್ಟು ಯಾವ ಕಾಲ ಆತೋ ಏನೋ, ಆದ್ರೂ ರಾತ್ರಿ ಹತ್ತಕ್ಕ ಸೊಸಿ ನಿದ್ದಿಗಣ್ಣಾಗ ಸ್ಟೀಲಿನಿಂದ ಸ್ಟೀಲಿಗೆ ಸಾರಿನ ವರ್ಗಾವಣಿ ಮಾಡ್ತಾಳ, ತಿಕ್ಕಾಕ ಇನ್ನೊಂದು ಭಾಂಡೆ ಹೆಚ್ಚಿಗಿ. ಯಾಕ್ರೀ ಅತ್ತಿ ಅಂದ್ರ, "ಹಿರೇರು ಸುಮ್ನ ಹೇಳ್ಯಾರೇನವಾ?" ಸುಮ್ನ ಹೇಳಿಲ್ರೀ, ಹಿತ್ತಾಳಿಗೆ ಹೇಳ್ಯಾರ.

ಎಲ್ಲಾನೂ ಕಿತ್ತು ಒಗೀರಿ ಅಂತಿಲ್ಲ ಮತ್ತ. ಜ್ವಾಳದ ಹಿಟ್ಟಿಗೆ ಕುದಿಯೋ ಎಸರು ಹಾಕಿ ನಾದ್ರಿ ಅನ್ನೋದಕ್ಕ ಕಾರಣ ಐತಿ, ಗೋದಿಯಂಗ ಜ್ವಾಳದಾಗ ಗ್ಲುಟೆನ್ ಇಲ್ಲ, ಬಿಸಿನೀರಿಗೆ ಹಿಟ್ಟಿನ ಪಿಷ್ಟ ಅಂಟಾದ್ರ ಮಾತ್ರ ರೊಟ್ಟಿ ಬಡಿಯಾಕ ಬರ್ತೈತಿ, ತಣ್ಣೀರು ಹಾಕಿ ನೋಡ್ರಿ, ಹಂಚಿಗೆ ಮುಟ್ಟೂದ್ರೊಳಗ ಹರದು ಹ್ವಾದೀತು.

ಚೋದ್ಯ ಏನಂದ್ರ ಯಾವ ಪದ್ಧತಿ ಸಾಯ್ತಾವು, ಯಾವು ಉಳೀತಾವು ಅನ್ನೋದು. ನೆಲದಾಗ ಕಾಳು ತುಂಬಿಡೋ ಹಗೇವಿನ್ಯಾಗ ಇಳದು ಜ್ವಾಳ ಎತ್ತೋದು, ಕಟ್ಟಿಗಿ ಸೀಳೋದು ಗಂಡಸರ ಪಾಲಿನ್ವು, ಸದ್ದಿಲ್ದ ಸತ್ವು, ಸಂಸ್ಕೃತಿ ಹಾಳಾತು ಅಂತ ಒಬ್ಬನೂ ಬಾಯಿ ಬಡ್ಕೊಳ್ಳಲಿಲ್ಲ. ಗಂಡಸರು ಉಂಡ ಮ್ಯಾಲೆ ಹೆಂಗಸರು ಉಣಬೇಕು, ತಿಂಗಳಾಗ ಮೂರು ದಿನ ಒಲಿ ಮುಟ್ಟಬಾರದು, ಇವು ಮಾತ್ರ ಗುಂಡಕಲ್ಲಿನಂಗ ಗಟ್ಟಿ ಅದಾವ. ಮಿಕ್ಸರ್ ಚಟ್ನಿಗೆ ಒಳ್ಳಿನ ರುಚಿ ಇಲ್ಲ ಅನ್ನಾಂವನೂ ಒಳ್ಳಿನ ಗುಂಡು ಮುಟ್ಟಿದಾಂವ ಅಲ್ಲ ಬಿಡ್ರಿ.

ಇದೇ ಯಜಮಾನರು ಮದುವಿ ಜವಳಿ ತರಾಕ ವಿಜಾಪುರಕ್ಕ ಹೋದ್ರ ಖಾನಾವಳ್ಯಾಗ ಕುಂತು ಎಣ್ಣಿಗಾಯಿ, ಜುಣಕ, ಶೇಂಗಾ ಚಟ್ನಿ, ಹಸಿ ಉಳ್ಳಾಗಡ್ಡಿ ಹಚ್ಚಿಕೊಂಡು ಕಟಿರೊಟ್ಟಿ ಮುರಕೊಂತ "ಆಹಾ, ಮನಿ ಊಟ ಅಂದ್ರ ಇದು" ಅಂತಾರ. ಮಗ್ಗಲಕ್ಕ ಕುಂತ ಹೆಂಡ್ತಿ ಮೆಲ್ಲಕ ಕೇಳಿದ್ಲಂತ, "ಅಲ್ರೀ, ಒಳಗ ರೊಟ್ಟಿ ಬಡಿಯಾಕಿಗೆ ಇವತ್ತ ಎಷ್ಟನೇ ದಿನ ಅಂತ ಕೇಳಿದ್ರೇನ್?"

ಯಜಮಾನರು ಗಂಟಲಾ ಸರಿಮಾಡ್ಕೊಂಡು, "ಏ ತಮ್ಮಾ, ಇನ್ನೊಂದು ಬಿಸಿ ರೊಟ್ಟಿ ತಾರೋ."